ಷರತ್ತಿನೊಳಗಿನ ಸ್ವಾತಂತ್ರ್ಯ: ಪುರಾಣಗಳಲ್ಲಿ ಸೃಜನಶೀಲ ಚಿಂತನೆ



ಪುರಾಣ ಮತ್ತು ಸೃಜನಶೀಲತೆ ಎಂಬ ಎರಡು ಮಾತುಗಳನ್ನು ಒಟ್ಟಿಗೆ ಆಡಿದೊಡನೆ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆಗಳು ಬರುತ್ತವೆ. ಹಳೆಯದನ್ನು ಬಿಟ್ಟು ಹೊರಬಂದವರಿಗೇ ಹೊಸದು ಹೊಳೆಯುವುದು ಎಂಬುದು ಒಂದು. ಹೊಸದೆಲ್ಲ ನಮ್ಮ ಪುರಾಣಗಳಲ್ಲಿ ಮೊದಲೇ ಇತ್ತು, ಪುಷ್ಪಕವೇ ವಿಮಾನ, ಗಣಪತಿಯ ತಲೆಯೇ ಶಸ್ತ್ರಚಿಕಿತ್ಸೆ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ. ಮೊದಲನೆಯದು ಪುರಾಣವನ್ನು ಓದದವರ ಮಾತು. ಎರಡನೆಯದು ಪುರಾಣದ ಮೇಲಿನ ಅಭಿಮಾನದಿಂದ ಹುಟ್ಟಿದರೂ ಅದಕ್ಕೇ ಅನ್ಯಾಯ ಮಾಡುವ ಮಾತು. ಮನುಷ್ಯನ ಮೈಗೆ ಆನೆಯ ಮೊಗವಿಟ್ಟು, ಅದಕ್ಕೆ ಇಲಿಯನ್ನು ವಾಹನವಾಗಿ ಕೊಟ್ಟು, ಆ ರೂಪವನ್ನು ವಿದ್ಯೆಗೆ ಒಡೆಯನನ್ನಾಗಿ ನಿಲ್ಲಿಸಿದ ಮನಸ್ಸಿನ ಧೈರ್ಯ ದೊಡ್ಡದು. ಅದನ್ನು ಆಸ್ಪತ್ರೆಯ ವರದಿಯಾಗಿ ಓದಿದರೆ ಆ ಧೈರ್ಯ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ನಮ್ಮ ಪುರಾಣಕಾರರಿಗೂ ಅವರ ಕಥೆಗಳನ್ನು ಮತ್ತೆ ಮತ್ತೆ ಹೇಳಿದ ಕವಿಗಳಿಗೂ ಕಲಾವಿದರಿಗೂ ಹೊಸ ಆಲೋಚನೆ ಹುಟ್ಟಿದ್ದು ಷರತ್ತಿನ ಹೊರಗಲ್ಲ, ಷರತ್ತಿನ ಒಳಗೆ. ಎಲ್ಲರೂ ಮುಚ್ಚಿದ ಬಾಗಿಲೆಂದು ತಿಳಿದದ್ದನ್ನು ಒಬ್ಬರು ತಾಳ್ಮೆಯಿಂದ ಓದುತ್ತಾರೆ, ಅಕ್ಷರ ಬಿಡದೆ ಓದುತ್ತಾರೆ. ದಾರಿ ಕಾಣಿಸಿಕೊಳ್ಳುವುದು ಆಗಲೇ.

ಹಿರಣ್ಯಕಶಿಪುವಿನ ವರವನ್ನೇ ನೋಡಿ. ಭಾಗವತದ ಏಳನೆಯ ಸ್ಕಂಧದಲ್ಲಿ ಅವನು ಬ್ರಹ್ಮನ ಮುಂದಿಡುವ ಪಟ್ಟಿ ಬಹಳ ಜಾಣತನದ್ದು. ನೀನು ಸೃಷ್ಟಿಸಿದ ಯಾವುದರಿಂದಲೂ ಸಾವು ಬರಬಾರದು. ಒಳಗೂ ಬೇಡ, ಹೊರಗೂ ಬೇಡ. ಹಗಲೂ ಬೇಡ, ಇರುಳೂ ಬೇಡ. ನೆಲದ ಮೇಲೂ ಆಗಬಾರದು, ಆಕಾಶದಲ್ಲೂ ಆಗಬಾರದು. ಮನುಷ್ಯನಿಂದ ಬೇಡ, ಮೃಗದಿಂದ ಬೇಡ, ಆಯುಧದಿಂದ ಬೇಡ, ಜೀವ ಇರುವುದರಿಂದಲೂ ಬೇಡ, ಇಲ್ಲದ್ದರಿಂದಲೂ ಬೇಡ. ಜಗತ್ತು ಜೋಡಿಗಳಿಂದ ಆಗಿದೆ, ಎರಡೂ ಕಡೆ ಕಾವಲು ಹಾಕಿದರೆ ತಾನು ಕ್ಷೇಮ ಎಂದು ಅವನು ನಂಬಿದ. ಪುರಾಣಕಾರನಿಗೆ ಈಗ ಎರಡು ಸುಲಭದ ದಾರಿಗಳಿದ್ದವು. ವರವನ್ನು ಬ್ರಹ್ಮ ಹಿಂದಕ್ಕೆ ಪಡೆದ ಎನ್ನಬಹುದಿತ್ತು. ವಿಷ್ಣುವಿನ ಶಕ್ತಿಯ ಮುಂದೆ ವರ ನಿಲ್ಲಲಿಲ್ಲ ಎನ್ನಬಹುದಿತ್ತು. ಎರಡನ್ನೂ ಅವನು ಮುಟ್ಟಲಿಲ್ಲ. ಸಂಜೆಯ ಹೊತ್ತು, ಸಭೆಯ ಹೊಸ್ತಿಲು, ತೊಡೆಯ ಮೇಲೆ, ಉಗುರಿನಿಂದ, ಕಂಬ ಸೀಳಿ ಬಂದ ನರಸಿಂಹನಿಂದ. ವರದ ಒಂದು ಮಾತೂ ಸುಳ್ಳಾಗಲಿಲ್ಲ. ಜೋಡಿಗಳ ಎರಡು ತುದಿಗಳನ್ನು ಹಿರಣ್ಯಕಶಿಪು ಕಂಡಿದ್ದ, ಅವು ಕೂಡುವ ಸಂಧಿಯನ್ನು ಕಂಡಿರಲಿಲ್ಲ.

ಇದೇ ಕಥೆಯನ್ನು ನಮ್ಮ ಶಿಲ್ಪಿಗಳು ಹೇಗೆ ಓದಿದರು ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ನರಸಿಂಹ ಯಾರನ್ನೂ ಸೀಳುತ್ತಿಲ್ಲ, ನೆಟ್ಟಗೆ ಪ್ರಶಾಂತನಾಗಿ ನಿಂತಿದ್ದಾನೆ. ಹೊಯ್ಸಳ ಶಿಲ್ಪಿಗಳು ಬೇಲೂರು, ಹಳೇಬೀಡುಗಳಲ್ಲಿ ಆರಿಸಿಕೊಂಡದ್ದು ಕರುಳು ಬಗೆಯುವ ಗಳಿಗೆಯನ್ನು. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಹಂಪಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ ನರಸಿಂಹ ಕುಳಿತಿದ್ದಾನೆ, ಅವನ ತೊಡೆಯ ಮೇಲೆ ಇದ್ದವಳು ಲಕ್ಷ್ಮಿ. ಕಥೆ ಒಂದೇ, ಲಕ್ಷಣಗಳೂ ಶಾಸ್ತ್ರದಲ್ಲಿ ಹೇಳಿದವೇ. ಯಾವ ಗಳಿಗೆಯಲ್ಲಿ ನಿಲ್ಲಬೇಕೆಂಬ ಆಯ್ಕೆ ಮಾತ್ರ ಶಿಲ್ಪಿಯದು.

ರಾವಣನ ವರದ ತಪ್ಪು ಬೇರೆಯದು. ಗರುಡ, ನಾಗ, ಯಕ್ಷ, ದೈತ್ಯ, ದಾನವ, ರಾಕ್ಷಸ, ದೇವತೆಗಳಿಂದ ಸಾವು ಬೇಡ ಎಂದ. ಮನುಷ್ಯರು ಹುಲ್ಲಿಗೆ ಸಮ ಎಂದು ಅವರನ್ನು ಪಟ್ಟಿಗೇ ಸೇರಿಸಲಿಲ್ಲ. ಹಿರಣ್ಯಕಶಿಪುವಿಗೆ ಯೋಚನೆ ಸಾಲಲಿಲ್ಲ, ರಾವಣನಿಗೆ ಗೌರವ ಸಾಲಲಿಲ್ಲ. ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಹೊಸ ವಿಚಾರಗಳು ಸೊರಗುವುದು ಬಹುಪಾಲು ಈ ಎರಡನೆಯ ಕಾರಣಕ್ಕೆ ಎಂದು ನನಗನ್ನಿಸುತ್ತದೆ. ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ ಎಂದು ನಾವು ಮೊದಲೇ ತೀರ್ಮಾನಿಸಿರುತ್ತೇವೋ ಅವರ ಬಳಿಯೇ ಉತ್ತರ ಇರುತ್ತದೆ.

ಷರತ್ತನ್ನು ಓದುವ ಕಲೆಯಲ್ಲಿ ನನ್ನ ಮಟ್ಟಿಗೆ ಸಾವಿತ್ರಿಯನ್ನು ಮೀರಿಸಿದವರಿಲ್ಲ. ಅವಳು ಯಮನಿಗೆ ಮೋಸ ಮಾಡಿ ಗಂಡನನ್ನು ಬಿಡಿಸಿಕೊಂಡಳು ಎಂದು ಮಕ್ಕಳ ಪುಸ್ತಕಗಳಲ್ಲಿ ಬರೆಯುತ್ತಾರೆ. ದಯವಿಟ್ಟು ವನಪರ್ವದ ಆ ಭಾಗವನ್ನು ಒಮ್ಮೆ ಓದಿ. ಸತ್ಯವಂತನಿಗೆ ಇನ್ನು ಒಂದು ವರ್ಷ ಮಾತ್ರ ಆಯುಸ್ಸು ಎಂದು ನಾರದರು ಮದುವೆಗೆ ಮೊದಲೇ ಹೇಳಿದ್ದಾರೆ. ಅವಳು ದಿನ ಎಣಿಸಿದ್ದಾಳೆ. ಸಾವಿಗೆ ನಾಲ್ಕು ದಿನ ಇರುವಾಗ ಮೂರು ರಾತ್ರಿಯ ವ್ರತ ಹಿಡಿದಿದ್ದಾಳೆ. ಕಾಡಿನಲ್ಲಿ ಯಮ ಎದುರಾದಾಗ ಅವಳ ಬಾಯಿಂದ ಬಂದ ಮಾತುಗಳು ಆ ಗಳಿಗೆಯಲ್ಲಿ ಹೊಳೆದವಲ್ಲ, ಅವುಗಳ ಹಿಂದೆ ಒಂದು ವರ್ಷದ ಸಿದ್ಧತೆ ಇದೆ. ಸ್ಫೂರ್ತಿ ಎಂದು ನಾವು ಕರೆಯುವುದಕ್ಕೆ ಹೀಗೆ ಯಾರಿಗೂ ಕಾಣದ ದೀರ್ಘ ಕಾಲ ಒಂದು ಇರುತ್ತದೆ.

ಅವಳು ಬೇಡುವುದಿಲ್ಲ, ಮಾತಾಡುತ್ತಾಳೆ. ಜೊತೆಯಾಗಿ ಏಳು ಹೆಜ್ಜೆ ನಡೆದವರು ಸ್ನೇಹಿತರು ಎನ್ನುತ್ತಾಳೆ. ಸಜ್ಜನರ ಸಂಗದ ಬಗ್ಗೆ, ಧರ್ಮದ ಬಗ್ಗೆ ಹೇಳುತ್ತಾಳೆ. ಯಮನಿಗೆ ಅದು ನಿಜಕ್ಕೂ ಹಿಡಿಸುತ್ತದೆ. ಇವನ ಪ್ರಾಣವೊಂದನ್ನು ಬಿಟ್ಟು ಏನಾದರೂ ಕೇಳು ಎನ್ನುತ್ತಾನೆ. ಅವಳು ಮೊದಲು ಕೇಳುವುದು ಮಾವನ ಕಣ್ಣು, ಆಮೇಲೆ ಮಾವನ ರಾಜ್ಯ, ಆಮೇಲೆ ತನ್ನ ತಂದೆಗೆ ನೂರು ಮಕ್ಕಳು, ನಾಲ್ಕನೆಯದಾಗಿ ತನಗೂ ಸತ್ಯವಂತನಿಗೂ ನೂರು ಮಕ್ಕಳು. ನಾವು ಇಲ್ಲಿಗೇ ಕಥೆ ಮುಗಿಸಿ, ಯಮ ಸಿಕ್ಕಿಬಿದ್ದ ಎಂದುಬಿಡುತ್ತೇವೆ. ಮೂಲದಲ್ಲಿ ಅವಳು ಇನ್ನೂ ನಡೆಯುತ್ತಾಳೆ, ಇನ್ನೂ ಮಾತಾಡುತ್ತಾಳೆ. ಐದನೆಯ ಸಲ ಯಮ ವರ ಕೊಡುವಾಗ ಪ್ರಾಣದ ಷರತ್ತನ್ನು ಹಾಕುವುದಿಲ್ಲ. ಸಾವಿತ್ರಿ ಅದನ್ನು ಗಮನಿಸುತ್ತಾಳೆ, ಗಮನಿಸಿದ್ದನ್ನು ಬಾಯಿಬಿಟ್ಟು ಹೇಳುತ್ತಾಳೆ: ಹಿಂದಿನ ವರಗಳಲ್ಲಿ ಇಟ್ಟಿದ್ದ ಷರತ್ತನ್ನು ಈ ವರದಲ್ಲಿ ನೀನು ಇಟ್ಟಿಲ್ಲ, ಆದ್ದರಿಂದ ಇವನು ಬದುಕಲಿ. ಇದರಲ್ಲಿ ಮರೆಮಾಚಿದ್ದು ಏನೂ ಇಲ್ಲ. ಎದುರಿನವನ ಪ್ರತಿ ಮಾತನ್ನೂ ಅವಳು ಪೂರ್ತಿಯಾಗಿ ಕೇಳಿಸಿಕೊಂಡಳು, ಅಷ್ಟೆ. ಅಸುರರು ವರವನ್ನು ತಮ್ಮ ಸುತ್ತ ಬೇಲಿಯಾಗಿ ಕೇಳಿದರು. ಅವಳು ಮೊದಲ ಮೂರು ವರಗಳನ್ನು ಬೇರೆಯವರಿಗಾಗಿ ಕೇಳಿದಳು.

ಸಭಾಪರ್ವದಲ್ಲಿ ದ್ರೌಪದಿ ಪ್ರಾತಿಕಾಮಿಯ ಕೈಯಲ್ಲಿ ಹೇಳಿಕಳಿಸುವ ಪ್ರಶ್ನೆಯೂ ಇದೇ ಜಾತಿಯದು. ಜೂಜಾಡಿದ ಗಂಡ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂದು ಅವಳು ಕೇಳಿದ್ದು. ಅಷ್ಟು ಅವಮಾನದ ನಡುವೆ ಅವಳು ಜೂಜಿನ ನಿಯಮವನ್ನು ತಳ್ಳಿಹಾಕಲಿಲ್ಲ, ಆ ನಿಯಮದ ಕ್ರಮವನ್ನು ಹಿಡಿದಳು. ತನ್ನನ್ನು ತಾನೇ ಸೋತವನಿಗೆ ಪಣ ಒಡ್ಡುವ ಹಕ್ಕು ಎಲ್ಲಿ ಉಳಿಯಿತು? ಭೀಷ್ಮರಿಗೂ ಉತ್ತರ ಸಿಗಲಿಲ್ಲ, ಧರ್ಮದ ಗತಿ ಸೂಕ್ಷ್ಮ ಎಂದು ಸುಮ್ಮನಾದರು. ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ಅವಳ ಪರವಾಗಿ ಮಾತಾಡಿದ. ಆ ಪ್ರಶ್ನೆಗೆ ಮಹಾಭಾರತ ಇಡೀ ಕಥೆಯಲ್ಲಿ ಉತ್ತರ ಕೊಡುವುದಿಲ್ಲ. ಉತ್ತರವಿಲ್ಲದ ಪ್ರಶ್ನೆಯನ್ನು ಉತ್ತರವಿಲ್ಲದ್ದಾಗಿಯೇ ಉಳಿಸುವ ಎದೆಗಾರಿಕೆ ಆ ಕವಿಗೆ ಇತ್ತು. ನಮ್ಮ ಪ್ರಶ್ನೆಪತ್ರಿಕೆಗಳಿಗೆ ಇನ್ನೂ ಬಂದಿಲ್ಲ.

ಬರೆಯುವವರಿಗೆ ಹತ್ತಿರವಾದ ಇನ್ನೊಂದು ಕಥೆ ವ್ಯಾಸ ಮತ್ತು ಗಣಪತಿಯದು. ಲೇಖನಿ ನಿಲ್ಲಬಾರದು ಎಂದು ಗಣಪತಿಯ ಷರತ್ತು. ಅರ್ಥವಾಗದೆ ಬರೆಯಬಾರದು ಎಂದು ವ್ಯಾಸರ ಷರತ್ತು. ಗಣಪತಿ ಯೋಚಿಸುತ್ತಿರುವಷ್ಟು ಹೊತ್ತಿನಲ್ಲಿ ವ್ಯಾಸರು ಮುಂದಿನ ಶ್ಲೋಕಗಳನ್ನು ಕಟ್ಟಿಕೊಳ್ಳುತ್ತಾರೆ. ವೇಗಕ್ಕೊಂದು ಒತ್ತಡ, ಅರ್ಥಕ್ಕೊಂದು ಒತ್ತಡ. ಎರಡರ ನಡುವೆ ಲಕ್ಷ ಶ್ಲೋಕದ ಗ್ರಂಥ ಹುಟ್ಟಿತು ಎಂದು ಕಥೆ. ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು 1919ರಿಂದ 1966ರವರೆಗೆ ನೂರಾರು ಹಸ್ತಪ್ರತಿಗಳನ್ನು ತಾಳೆ ನೋಡಿ ಸಿದ್ಧಪಡಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಈ ಪ್ರಸಂಗ ಮೂಲಪಾಠದಲ್ಲಿಲ್ಲ, ಅದು ಆಮೇಲೆ ಸೇರಿದ್ದು. ಅದನ್ನು ತಿಳಿದ ಮೇಲೆ ನನಗೆ ಆ ಕಥೆಯ ಮೇಲೆ ಪ್ರೀತಿ ಹೆಚ್ಚಾಯಿತು. ಹೆಸರಿಲ್ಲದ ಯಾರೋ ಒಬ್ಬರು, ಬಹುಶಃ ತಾವೇ ಹಾಳೆಯ ಮುಂದೆ ಕುಳಿತು ಬೆವೆತವರು, ಇಷ್ಟು ದೊಡ್ಡ ಗ್ರಂಥ ಹೇಗೆ ಹುಟ್ಟಿರಬಹುದು ಎಂದು ಯೋಚಿಸಿ ಈ ಒಪ್ಪಂದವನ್ನು ಕಲ್ಪಿಸಿದರು.

ಇಲ್ಲಿಂದ ಮಾತು ಕನ್ನಡದ ಕವಿಗಳ ಕಡೆಗೆ ಹೊರಳಬೇಕು. ಅವರ ಷರತ್ತು ಅಸುರರದಕ್ಕಿಂತ ಕಷ್ಟದ್ದು: ಕಥೆ ಎಲ್ಲರಿಗೂ ಗೊತ್ತು, ಕೊನೆಯೂ ಗೊತ್ತು. ಹದಿನೈದನೆಯ ಶತಮಾನದ ಕುಮಾರವ್ಯಾಸ ತನ್ನ ಕಾಲಕ್ಕಾಗಲೇ ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕುತ್ತಿದ್ದ ಎಂಬ ಅರ್ಥ ಬರುವಂತೆ ಹೇಳಿಕೊಂಡಿದ್ದಾನೆ. ಅಷ್ಟು ಜನ ನಡೆದ ದಾರಿಯಲ್ಲಿ ಹೊಸ ಹೆಜ್ಜೆ ಇಡುವುದು ಹೇಗೆ?

ಪಂಪ 941ರಲ್ಲಿ ಒಂದು ದೊಡ್ಡ ಬದಲಾವಣೆ ಮಾಡಿದ. ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಆಶ್ರಯದಾತ ಅರಿಕೇಸರಿಯನ್ನು ಅರ್ಜುನನ ಜೊತೆ ಬೆಸೆದಿದ್ದರಿಂದ ಅದು ಅನಿವಾರ್ಯವಾಗಿತ್ತೆಂದು ನಾವು ಪಾಠ ಮಾಡುತ್ತೇವೆ. ಆದರೆ ನೇಯ್ದ ಸೀರೆಯಿಂದ ಒಂದು ಎಳೆ ತೆಗೆದರೆ ಬೇರೆ ಎಳೆಗಳೂ ಜರುಗುತ್ತವೆ. ದ್ರೌಪದಿ ಅರ್ಜುನನವಳೇ ಆದರೆ ದುಶ್ಶಾಸನನ ರಕ್ತದಿಂದ ಅವಳ ಮುಡಿ ಕಟ್ಟುವ ಹಟ ಭೀಮನಿಗೆ ಏಕೆ? ಪಂಪ ಆ ಪ್ರತಿಜ್ಞೆಯನ್ನು ಬಿಡಲಿಲ್ಲ, ಬಿಡಲು ಸಾಧ್ಯವೂ ಇರಲಿಲ್ಲ. ಕೊನೆಯ ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕದಲ್ಲಿ ಕೂರುವವಳು ಸುಭದ್ರೆ. ಇಡೀ ಯುದ್ಧಕ್ಕೆ ಕಾರಣಳಾದವಳು ಆ ಗಳಿಗೆಯಲ್ಲಿ ಬದಿಗೆ ಸರಿದಿದ್ದಾಳೆ. ವಿಮರ್ಶಕರು ಇದನ್ನು ಪಂಪನ ತೊಡಕು ಎಂದಿದ್ದಾರೆ. ತೊಡಕೇ ಹೌದು. ಒಂದು ಬದಲಾವಣೆ ಏನೇನನ್ನು ಬೆಲೆಯಾಗಿ ಕೇಳುತ್ತದೆ ಎಂಬುದನ್ನು ಕನ್ನಡದ ಅತಿ ದೊಡ್ಡ ಕವಿಯ ಕೃತಿಯಲ್ಲೇ ನಾವು ಕಲಿಯಬಹುದು ಎಂಬುದು ನನಗೆ ಮುಖ್ಯ. ಹೊಸ ಕಲ್ಪನೆಗಳನ್ನು ಕೊಂಡಾಡುವಾಗ ಈ ಬೆಲೆಯ ಮಾತನ್ನು ಯಾರೂ ಎತ್ತುವುದಿಲ್ಲ. ಅದೇ ಪಂಪ, ತನ್ನ ನಾಯಕ ಅರ್ಜುನನಾಗಿರುವಾಗ, ಎದುರಾಳಿ ಕರ್ಣನನ್ನು ಅಷ್ಟು ಎತ್ತರಕ್ಕೆ ಏರಿಸಿದನಲ್ಲ, ಅದನ್ನು ಯಾವ ಷರತ್ತೂ ಅವನಿಂದ ಬೇಡಿರಲಿಲ್ಲ.

ರನ್ನನ ದಾರಿ ಬೇರೆ. ಘಟನೆಗಳನ್ನು ಅವನು ಬದಲಿಸಲಿಲ್ಲ, ನಿಲ್ಲುವ ಜಾಗವನ್ನು ಬದಲಿಸಿದ. ಭಾರತ ಯುದ್ಧದ ಕೊನೆಯ ದಿನ ನಿಂತು, ಸಿಂಹಾವಲೋಕನ ಕ್ರಮದಲ್ಲಿ ಹಿಂದಕ್ಕೆ ತಿರುಗಿ, ಇಡೀ ಭಾರತವನ್ನು ಗದಾಯುದ್ಧದೊಳಕ್ಕೆ ತಂದ. ಆಶ್ರಯದಾತ ಸತ್ಯಾಶ್ರಯನನ್ನು ಭೀಮನಾಗಿ ಕಾಣಬೇಕಾದ ಕಟ್ಟು ಅವನಿಗೂ ಇತ್ತು. ಆದರೆ ಆ ದಿನದಲ್ಲಿ ನಿಂತು ನೋಡಿದಾಗ ಕಣ್ಣು ತುಂಬಿದವನು ದುರ್ಯೋಧನ. ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತ ದ್ರೋಣನ ಮುಂದೆ, ದುಶ್ಶಾಸನನ ಮುಂದೆ, ಕರ್ಣನ ಮುಂದೆ ನಿಲ್ಲುವ ದುರ್ಯೋಧನ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಅವನ ಶೌರ್ಯಕ್ಕೆ ತಲೆಬಾಗುವ ದುರ್ಯೋಧನ. ಅವನನ್ನು ರನ್ನ ಒಳ್ಳೆಯವನನ್ನಾಗಿ ಮಾಡಲಿಲ್ಲ, ಅವನ ದುಃಖವನ್ನು ಪೂರ್ತಿಯಾಗಿ ತೋರಿಸಿದ. ವಿಷಯ ಹಳತಾಯಿತು ಎಂದು ಕೈಚೆಲ್ಲುವ ಮುನ್ನ, ನಾನು ಇದನ್ನು ಯಾವ ದಿನದಲ್ಲಿ ನಿಂತು ನೋಡುತ್ತಿದ್ದೇನೆ ಎಂದು ಕೇಳಿಕೊಳ್ಳುವುದನ್ನು ನಾನು ರನ್ನನಿಂದ ಕಲಿತೆ.

ಜೈನ ಕವಿಗಳು ಸಂದೇಹದಿಂದ ಶುರುಮಾಡಿದರು. ಪ್ರಾಕೃತದಲ್ಲಿ ವಿಮಲಸೂರಿ ಬರೆದ ಪಉಮಚರಿಯದಲ್ಲಿ ಶ್ರೇಣಿಕ ಮಹಾರಾಜ ಗೌತಮ ಗಣಧರರನ್ನು ಕೇಳುತ್ತಾನೆ: ಮಂಗಗಳು ಬಲಶಾಲಿ ರಾಕ್ಷಸರನ್ನು ಗೆದ್ದದ್ದು ಹೇಗೆ, ಕುಂಭಕರ್ಣ ಆರು ತಿಂಗಳು ಮಲಗಿದ್ದು ನಂಬುವ ಮಾತೇ? ಉತ್ತರವಾಗಿ ಇನ್ನೊಂದು ರಾಮಾಯಣವೇ ಬಂತು. ವಾನರರು ಮಂಗನ ಚಿಹ್ನೆಯ ಬಾವುಟವಿದ್ದ ವಿದ್ಯಾಧರರಾದರು. ರಾವಣನ ಹತ್ತು ತಲೆಗಳು ಹಾರದ ಒಂಬತ್ತು ರತ್ನಗಳಲ್ಲಿ ಅವನ ಮುಖ ಪ್ರತಿಫಲಿಸಿದ್ದರಿಂದ ಬಂದ ಹೆಸರಾದವು. ಆ ಪರಂಪರೆಯಲ್ಲೇ ಕನ್ನಡದ ನಾಗಚಂದ್ರ ಪರಸ್ತ್ರೀಯನ್ನು ಬಲವಂತದಿಂದ ಮುಟ್ಟೆನೆಂಬ ವ್ರತ ತೊಟ್ಟ, ಕೊನೆಗೆ ಮನಸ್ಸು ಕರಗಿದ ರಾವಣನನ್ನು ಕೊಟ್ಟ. ಸಂದೇಹ ಕಥೆಯನ್ನು ಕೊಲ್ಲಲಿಲ್ಲ, ಬೆಳೆಸಿತು.

ಅಧ್ಯಾತ್ಮ ರಾಮಾಯಣದಲ್ಲಿ ಒಂದು ಸೊಗಸಾದ ಜಾಗವಿದೆ. ಕಾಡಿಗೆ ಬರಬೇಡ ಎಂದ ರಾಮನಿಗೆ ಸೀತೆ ಹೇಳುತ್ತಾಳೆ, ನಾನು ಎಷ್ಟೋ ರಾಮಾಯಣಗಳನ್ನು ಕೇಳಿದ್ದೇನೆ, ಸೀತೆಯಿಲ್ಲದೆ ರಾಮ ಕಾಡಿಗೆ ಹೋದದ್ದು ಎಲ್ಲಾದರೂ ಇದೆಯೇ ಎಂದು. ಪಾತ್ರವೇ ತನ್ನ ಪರಂಪರೆಯನ್ನು ಸಾಕ್ಷಿಗೆ ಕರೆಯುತ್ತದೆ! ಕುವೆಂಪು ಅವರಿಗೆ 1967ರ ಜ್ಞಾನಪೀಠವನ್ನು ತಂದ ಶ್ರೀ ರಾಮಾಯಣ ದರ್ಶನಂನಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಅಗ್ನಿಪರೀಕ್ಷೆಯನ್ನು ಅವರು ತೆಗೆದುಹಾಕಲಿಲ್ಲ, ಅದರೊಳಗೆ ಇನ್ನೊಬ್ಬರನ್ನು ನಿಲ್ಲಿಸಿದರು. ಮಂಥರೆಯ ಮಮತೆಯನ್ನೂ ಊರ್ಮಿಳೆಯ ತಪಸ್ಸನ್ನೂ ಕಂಡ ಕಣ್ಣು ಅದೇ. ಗಿರೀಶ ಕಾರ್ನಾಡರ 1961ರ ಯಯಾತಿಯಲ್ಲಿ ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿ ಇದ್ದಾಳೆ, ಮೂಲದಲ್ಲಿ ಅವಳಿಲ್ಲ. ಮಗ ತನ್ನ ಯೌವನವನ್ನು ತಂದೆಗೆ ಕೊಟ್ಟ ಕಥೆಯನ್ನು ಎಷ್ಟೋ ಶತಮಾನ ಕೇಳಿದ ನಾವು, ಆ ಮಗನಿಗೆ ಒಬ್ಬ ಹೆಂಡತಿ ಇದ್ದಿದ್ದರೆ ಎಂದು ಕೇಳಿರಲಿಲ್ಲ. ಲೆಕ್ಕಕ್ಕೆ ಬಾರದವರನ್ನು ಲೆಕ್ಕಕ್ಕೆ ತರುವುದು, ರಾವಣ ಮಾಡದೆ ಬಿಟ್ಟ ಕೆಲಸ, ಇಲ್ಲಿ ಒಬ್ಬ ಇಪ್ಪತ್ತರ ಹರೆಯದ ನಾಟಕಕಾರನಿಂದ ಆಯಿತು.

ಇಷ್ಟೆಲ್ಲ ಕವಿಗಳ ಮಾತು, ನಮಗೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ಅವರನ್ನು ನಾನು ತಾಳಮದ್ದಳೆಗೆ ಕರೆದುಕೊಂಡು ಹೋಗಲು ಬಯಸುತ್ತೇನೆ. ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಉದ್ದಕ್ಕೂ ಕರಾವಳಿ ಮತ್ತು ಮಲೆನಾಡಿನ ಊರುಗಳಲ್ಲಿ ತಾಳಮದ್ದಳೆ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಪದ್ಯ ಪ್ರಸಂಗಕರ್ತನದು, ಅದನ್ನು ಬದಲಿಸುವಂತಿಲ್ಲ. ಮಾತು ಮಾತ್ರ ಎಲ್ಲೂ ಬರೆದಿಲ್ಲ. ಎದುರಿನವರು ಏನು ಕೇಳುತ್ತಾರೆ ಎಂಬುದು ಮೊದಲೇ ತಿಳಿದಿರುವುದಿಲ್ಲ. ಮಾತು ಎಷ್ಟೇ ದೂರ ಹೋದರೂ ಭಾಗವತರು ಮುಂದಿನ ಪದ್ಯ ಎತ್ತಿಕೊಂಡಾಗ ಅಲ್ಲಿಗೆ ಬಂದು ಸೇರಲೇಬೇಕು. ಹುಟ್ಟಾ ವಾಗ್ಮಿಗಳೂ ಇಲ್ಲಿ ತಡವರಿಸುವುದುಂಟು. ಸ್ವಂತಿಕೆಯನ್ನು ಕಲಿಸಲು ಇದಕ್ಕಿಂತ ಕಟ್ಟುನಿಟ್ಟಾದ, ಇದಕ್ಕಿಂತ ಉದಾರವಾದ ಪಾಠಶಾಲೆ ನಾನು ಕಂಡಿಲ್ಲ.

ವಾಲಿಮೋಕ್ಷವನ್ನೇ ತೆಗೆದುಕೊಳ್ಳಿ. ವಾಲ್ಮೀಕಿಯಲ್ಲಿ ವಾಲಿ ಬಾಣ ನೆಟ್ಟುಕೊಂಡು ಬಿದ್ದಲ್ಲಿಂದಲೇ ರಾಮನನ್ನು ಕೇಳುತ್ತಾನೆ. ಬೇರೊಬ್ಬನ ಜೊತೆ ಕಾದುತ್ತಿದ್ದವನನ್ನು ಮರೆಯಿಂದ ಹೊಡೆದೆ. ನಿನ್ನ ಊರಿಗಾಗಲಿ ನಿನಗಾಗಲಿ ನಾನು ಮಾಡಿದ ಕೇಡೇನು? ನನ್ನ ತೊಗಲೂ ನಿಮಗೆ ಆಗದು, ಮಾಂಸವೂ ಆಗದು. ನನಗೇ ಹೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದೊಪ್ಪಿಸುತ್ತಿದ್ದೆನಲ್ಲ? ರಾಮನ ಉತ್ತರದಲ್ಲಿ ಎರಡು ವಾದಗಳಿವೆ. ಈ ನೆಲ ಇಕ್ಷ್ವಾಕುಗಳದು, ಭರತನ ಆಳ್ವಿಕೆ ಇಲ್ಲೂ ಸಲ್ಲುತ್ತದೆ, ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡ ನಿನಗೆ ಇದು ಶಿಕ್ಷೆ ಎಂಬುದೊಂದು. ನೀನು ಮೃಗ, ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವುದು ಬೇಟೆಯ ರೂಢಿ ಎಂಬುದು ಇನ್ನೊಂದು.

ಒಳ್ಳೆಯ ಅರ್ಥಧಾರಿಯ ಕಿವಿ ನಿಮಿರುವುದು ಇಲ್ಲಿ. ನಾನು ಮೃಗವಾದರೆ ಅತ್ತಿಗೆ ನಾದಿನಿಯರ ಧರ್ಮ ನನಗೆ ಹೇಗೆ ಅನ್ವಯಿಸಿತು? ಆ ಧರ್ಮ ಅನ್ವಯಿಸುವುದಾದರೆ ನಾನು ಮೃಗ ಹೇಗಾದೆ? ಎರಡರಲ್ಲಿ ಒಂದನ್ನು ಹಿಡಿದುಕೋ. ಪ್ರಶ್ನೆ ವಾಲ್ಮೀಕಿಯ ಒಳಗೇ ಇತ್ತು, ಆದರೆ ಅದನ್ನು ಎತ್ತಿ ಎದುರಿಗಿಡಲು ಒಬ್ಬ ವಾಲಿ ಬೇಕಾಯಿತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿ, ರಾವಣ, ಮಾಗಧ ಪಾತ್ರಗಳ ಕೀರ್ತಿ ನಿಂತದ್ದು ಇಂಥ ಕಡೆ. ಪುರಾಣ ಸೋಲಿಸಬೇಕೆಂದು ತೀರ್ಮಾನಿಸಿದವನಿಗೆ ಮಾತಿನಲ್ಲಿ ಸೋಲದ ಘನತೆಯನ್ನು ಅವರು ಕೊಟ್ಟರು. ಇದಿರು ಕುಳಿತ ರಾಮನ ಪಾಡೂ ಕಡಿಮೆ ಕಷ್ಟದ್ದಲ್ಲ. ಅವನು ಸಿಟ್ಟಾಗುವಂತಿಲ್ಲ, ನುಣುಚಿಕೊಳ್ಳುವಂತಿಲ್ಲ, ತಾನು ದೇವರು ಎಂದು ಹೇಳಿ ಮಾತು ಮುಗಿಸುವಂತಿಲ್ಲ. ವಾಲಿಯ ಮಾತಿನ ತೂಕವನ್ನು ಒಪ್ಪಿಕೊಂಡೇ ಅವನ ಮನಸ್ಸನ್ನು ಶರಣಾಗತಿಯ ಪದ್ಯದವರೆಗೆ ತರಬೇಕು. ಕೆಲವರು ಸುಗ್ರೀವನಿಗೆ ಕೊಟ್ಟ ಮಾತಿನಿಂದ ಶುರುಮಾಡುತ್ತಾರೆ, ಕೆಲವರು ರುಮೆಯ ಕಣ್ಣೀರಿನಿಂದ. ಕೊನೆ ಎಲ್ಲರಿಗೂ ಗೊತ್ತಿದ್ದರೂ ಜನ ಬೆಳಗಿನ ಜಾವದವರೆಗೆ ಎದ್ದು ಕೂರುವುದು ಈ ದಾರಿಗಾಗಿ.

ತಾಳಮದ್ದಳೆಯ ಇನ್ನೊಂದು ಪದ್ಧತಿಯನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಇವತ್ತು ಕರ್ಣನ ಅರ್ಥ ಹೇಳಿದವರು ನಾಳೆ ಕೃಷ್ಣನ ಅರ್ಥ ಹೇಳುತ್ತಾರೆ. ನಿನ್ನೆ ತಾವೇ ಕಟ್ಟಿದ ವಾದವನ್ನು ಇವತ್ತು ತಾವೇ ಎದುರಿಸಬೇಕು. ಒಂದೇ ಪಕ್ಷದ ಚರ್ಚಾಸ್ಪರ್ಧೆಗೆ ಮಕ್ಕಳನ್ನು ಸಿದ್ಧಪಡಿಸುವ ನಾವು ಈ ಅಭ್ಯಾಸವನ್ನು ತರಗತಿಗೆ ತರಬಹುದು. ಎರಡು ಅವಧಿ ಸಾಕು. ಮೊದಲ ದಿನ ಒಬ್ಬ ಹುಡುಗಿ ವಾಲಿಯಾಗಿ ಕೇಳಲಿ, ಒಬ್ಬ ಹುಡುಗ ರಾಮನಾಗಿ ಉತ್ತರಿಸಲಿ. ಮರುದಿನ ಜಾಗ ಬದಲಾಗಲಿ. ಮೂಲದ ಘಟನೆಯನ್ನು ಯಾರೂ ಬದಲಿಸಬಾರದು ಎಂಬ ಒಂದೇ ಕಟ್ಟಳೆ ಇರಲಿ. ಅಂಕ ಕೊಡಲೇಬೇಕೆಂದರೆ ಎದುರಿನವರ ಮಾತಿನಲ್ಲಿ ಹಿಂದೆ ಯಾರೂ ಕಾಣದ ಒಂದು ಸಂಧಿಯನ್ನು ಕಂಡವರಿಗೆ ಕೊಡಿ.

ಈ ಉಪನ್ಯಾಸ ಪ್ರತಿವರ್ಷ ಒಂದು ದತ್ತಿಯ ಹೆಸರಿನಲ್ಲಿ ನಡೆಯುತ್ತದೆ. ಆ ದತ್ತಿಯನ್ನು ಸ್ಥಾಪಿಸಿದ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಮುಂದಿನ ವರ್ಷ ಉಪನ್ಯಾಸಕರ ಸಮಯದಲ್ಲಿ ಅರ್ಧವನ್ನು ವಿದ್ಯಾರ್ಥಿಗಳಿಗೆ ಕೊಡಿ. ಒಬ್ಬ ಭಾಗವತರನ್ನು ಕರೆಸಿ, ಸಾವಿತ್ರಿಯ ಕಥೆಯೋ ದ್ರೌಪದಿಯ ಪ್ರಶ್ನೆಯೋ ಪ್ರಸಂಗವಾಗಲಿ, ಮಕ್ಕಳು ಅರ್ಥ ಹೇಳಲಿ. ಯಮನ ಪಾತ್ರಕ್ಕೆ ಯಾರೂ ಮುಂದೆ ಬಾರದಿದ್ದರೆ ಅಧ್ಯಾಪಕರು ಕೂರಲಿ, ಪ್ರತಿ ವರಕ್ಕೂ ಷರತ್ತು ಹಾಕಲಿ. ಮಕ್ಕಳು ಗಮನವಿಟ್ಟು ಕೇಳಿಸಿಕೊಳ್ಳುತ್ತಾರೆ.